ಅತ್ತಿಗೆಗೆ ಸಿಕ್ಕ ಕುರ್ಚಿ

ಮಾರ್ಚ್ ಎಂಟರ ಮಹಿಳಾ ದಿನ ಬಂತೆಂದರೆ ನಮ್ಮ ನಾರಿನ್ ಊರಿನ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಹೆಂಗಸರ ಮೇಲೆ ಪ್ರೀತಿ ಉಕ್ಕುತ್ತದೆ. ಹೂವಿನ ಕಟ್ಟು ಎದೆಗವಚಿಕೊಂಡು ಕೆಸರಲ್ಲಿ ಜಾರುತ್ತ ಓಡಾಡುತ್ತಾರೆ. ಮರುದಿನ ಅದೇ ಗಂಡಸರು, ಅದೇ ಬೈಗುಳ. ನೆರೆಮನೆಯ ಸೊಸೆ ಬುರುಲ್‌ಗೆ ಮಾತ್ರ ಈ ಹಬ್ಬ ಕಂಡರಾಗದಿದ್ದುದಕ್ಕೆ ಕಾರಣ ಬೇರೆಯಿತ್ತು.

ನಮ್ಮಲ್ಲಿ ಚೊಚ್ಚಲ ಮಗು ಅಜ್ಜಿಗೆ ಸೇರಿದ್ದು. ಯಾರೂ ಕೇಳುವುದಿಲ್ಲ, ಯಾರೂ ಒಲ್ಲೆ ಅನ್ನುವುದೂ ಇಲ್ಲ. ಬುರುಲ್ ಹೆತ್ತ ಜಿಬೆಕ್, ಮೊಲೆ ಬಿಡಿಸಿದ ವಾರವೇ ಅತ್ತೆ ಸೈಕಾಲ್‌ಳ ಮಡಿಲು ಸೇರಿದ್ದಳು. ಒಂದೇ ಮನೆ, ಒಂದೇ ಒಲೆ. ಆದರೆ ಒಂಬತ್ತು ವರ್ಷದ ಆ ಹುಡುಗಿಗೆ ಅಜ್ಜಿಯೇ ಅಮ್ಮ, ಹೆತ್ತಪ್ಪ ಅಣ್ಣ, ಬುರುಲ್ ಅತ್ತಿಗೆ.

ಹಬ್ಬದ ದಿನ ಶಾಲೆಯಲ್ಲಿ ಮಕ್ಕಳು ಅಮ್ಮಂದಿರನ್ನು ಸಾಲಾಗಿ ಕೂರಿಸಿ ಹೂ ಕೊಡುತ್ತಾರೆ. ಈ ವರ್ಷ ಸೈಕಾಲ್‌ಳ ಮಂಡಿ ಊದಿತ್ತು. "ನನ್ನ ಕುರ್ಚೀಲಿ ನೀನೇ ಕೂತ್ಕೊಂಡ್ಬಾ" ಎಂದಳು.

ಬುರುಲ್ ಮದುವೆಯ ರೇಷ್ಮೆ ವಸ್ತ್ರ ತಲೆಗೆ ಕಟ್ಟಿಕೊಂಡು ಹೋದಳು. ಒಂದೇ ಒಂದು ಸಲ, ಎಲ್ಲರೆದುರು, ಅಮ್ಮ ಅಂದಾಳು ಎಂಬ ಆಸೆ.

ಜಿಬೆಕ್ ಹತ್ತಿರ ಬಂದವಳು ಕುರ್ಚಿಯ ಹಿಂದೆಲ್ಲ ಹುಡುಕಿದಳು. "ಅತ್ತಿಗೆ, ಅಮ್ಮ ಎಲ್ಲಿ?"

"ಮಂಡಿ ನೋವಲ್ವಾ ಪುಟ್ಟಿ. ನಂಗೆ ಕೊಡು."

"ಇದು ಅಮ್ಮಂದು!" ಹುಡುಗಿ ಹೂವನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಪಕ್ಕದ ಕುರ್ಚಿಯವಳು ಕಿಸಕ್ಕನೆ ನಕ್ಕಳು.

ದಾರಿಯಲ್ಲಿ ಜಿಬೆಕ್ ಗೆಳತಿಯರ ಜೊತೆ ಹಿಂದುಳಿದಳು. ಬುರುಲ್ ಒಬ್ಬಳೇ ಮನೆಗೆ ಬಂದಾಗ ಅತ್ತೆ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದಳು.

"ಹೂ ಕೊಟ್ಲಾ?"

"ನಿಮಗೇ ಅಂತ ಇಟ್ಕೊಂಡಿದಾಳೆ."

ಅತ್ತೆ ಒಲೆ ಆರಿಸಿದಳು. "ನಿನ್ ಗಂಡಾನೂ ನಮ್ಮತ್ತೆ ಮಡಿಲಲ್ಲೇ ಬೆಳೆದೋನು. ಹನ್ನೊಂದು ವರ್ಷ ನನ್ನನ್ನ ಅತ್ತಿಗೆ ಅಂತಿದ್ದ. ನಮ್ಮತ್ತೆ ಸತ್ಮೇಲೂ ಅವನ ನಾಲಿಗೆ ಹೊರಳ್ಲಿಲ್ಲ. ಈಗ್ಲೂ 'ಇಲ್ಕೇಳಿ' ಅಂತಾನೆ ಹೊರತು ಅಮ್ಮ ಅನ್ನಲ್ಲ. ನೀನು ನೋಡಿಲ್ವಾ?"

ಬುರುಲ್ ನೋಡಿದ್ದಳು. ಅವನ ಸ್ವಭಾವವೇ ಹಾಗೆ ಅಂದುಕೊಂಡಿದ್ದಳು. ಆ ಮನೆಗೆ ಬಂದಮೇಲೆ ಮೊದಲ ಸಲ ಅವಳ ದನಿ ಏರಿತು. "ಆ ಸಂಕಟ ಗೊತ್ತಿದ್ದೂ ನನ್ನ ಮಗೂನ ತಗೊಂಡ್ರಾ?"

"ಗೊತ್ತಿದ್ದೇ ತಗೊಂಡೆ. ನನ್ನ ಚೊಚ್ಚಲನ್ನ ನಾನು ಎತ್ತಿ ಆಡಿಸ್ಲೇ ಇಲ್ಲ ಮಗಳೇ. ನಿನ್ ಮಗು ನೋಡಿದ್ಮೇಲೆ ಮನಸ್ಸು ತಡೀಲಿಲ್ಲ."

"ಅಮ್ಮಾ!" ಅಂಗಳದಿಂದ ಜಿಬೆಕ್ ಕೂಗಿದಳು. ಸೈಕಾಲ್ ಓಗೊಡಲಿಲ್ಲ.

"ನೀನು ಹೋಗು. ಇವತ್ತಿಂದ ನಿನ್ನನ್ನೇ ಅಮ್ಮ ಅನ್ನು ಅಂತ ಹೇಳ್ತೀನಿ ಅವಳಿಗೆ" ಎಂದಳು. ಬಾಗಿಲಿಗೆ ಬೆನ್ನು ಮಾಡಿ ನಿಂತಳು.

ಬುರುಲ್ ಬಾಗಿಲಿಗೆ ಬಂದಳು. ಇಷ್ಟು ವರ್ಷ ಹಂಬಲಿಸಿದ್ದು ಇನ್ನೊಂದು ಮಾತಿಗೆ ಕೈಗೆ ಬರುವಂತಿತ್ತು. ಎದುರಿಗೆ ನಿಂತ ಹುಡುಗಿ ಅವಳನ್ನು ದಾಟಿ ಒಳಗೆ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಅಮ್ಮ ಯಾಕೆ ಮಾತಾಡ್ತಿಲ್ಲ ಅತ್ತಿಗೆ? ಅಮ್ಮಂಗೆ ಏನಾಯ್ತು?"

ಹೆತ್ತವಳಾಗಿ ಆ ಭಯವನ್ನು ಬುರುಲ್‌ಗೆ ನೋಡಲಾಗಲಿಲ್ಲ.

"ಏನೂ ಆಗಿಲ್ಲ ಕಂದಾ. ನಿಮ್ಮಮ್ಮ ಒಳಗೇ ಇದಾರೆ, ನಿನ್ನ ಹೂವಿಗೇ ಕಾಯ್ತಿದಾರೆ" ಎಂದು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.