ಮೈಲ್‌ಸಾಮಿಯ ಬಲಗೈ ರುಜು

"ನಾ ಹನ್ನೆರಡು ಅಡಿ ಆಳದ ಚರಂಡಿಗೆ ಬಿದ್ದ ಸದ್ದಿಗೆ ಚೆನ್ನೈ ಕೋಟೇಲಿ ಗಡಿಯಾರ ನಿಂತೋಯ್ತು, ಬೆಳ್ಳಿಯಮ್ಮಾ. ಭೂಕಂಪ ಅಂದ್ಕೊಂಡು ಮಂತ್ರಿಗಳೆಲ್ಲ ಮೇಜಿನ ಕೆಳಗೆ ನುಗ್ಗಿದ್ರಂತೆ!"

ಹೀಗೆಂದು ಮೈಲ್‌ಸಾಮಿ ಎಡಗೈಯಿಂದ ರಾಟೆಯನ್ನು ಜೋರಾಗಿ ಒಂದು ಸುತ್ತು ತಿರುಗಿಸಿದ. ಮಡಚಲಾಗದ ಬಲಗೈ ಬೆರಳುಗಳ ಸಂದಿಯಲ್ಲಿ ನೂಲು ಓಡಿತು. ಆ ಬಲಗೈ ಒಂದು ಕಾಲದಲ್ಲಿ ದಿನಕ್ಕೆ ನಾಲ್ಕು ಸೀರೆ ನೆಯ್ಯುತ್ತಿತ್ತು; ಲಾಳಿಯ ರಭಸಕ್ಕೆ ಮನೆಯಲ್ಲಿ ಫ್ಯಾನೇ ಬೇಕಿರಲಿಲ್ಲ. ಒಂದು ಸೀರೆಗೆ ಎರಡು ದಿನ ಹಿಡಿಯುತ್ತದೆ ಎನ್ನುವವರೂ ಇದ್ದಾರೆ. ನೆಗಮಂ ಸುತ್ತಮುತ್ತಲಿನ ಎಲ್ಲ ನೇಕಾರರೂ ಹಾಗೆನ್ನುತ್ತಾರೆ, ಮೈಲ್‌ಸಾಮಿಯ ಹೆಂಡತಿ ಪಾಪಾತಿಯೂ ಹಾಗೇ ಎನ್ನುತ್ತಾಳೆ. ಈಗ ಮಗ್ಗದ ಗುಂಡಿಯಲ್ಲಿ ಕೂತು ಪೆಡಲು ತುಳಿಯುತ್ತಿದ್ದವಳು ಅವಳೇ.

ಹೊಸ್ತಿಲ ಮೇಲೆ ಕೂತ ಬೆಳ್ಳಿಯಮ್ಮ ನಗಲಿಲ್ಲ. ಅವಳ ಮಡಿಲಲ್ಲಿ ಐದು ಖಾಲಿ ಹಾಳೆಗಳೂ ಒಂದು ಮಸಿ ಡಬ್ಬಿಯೂ ಇದ್ದವು. ಒಂದೊಂದು ಹಾಳೆಯ ಕೆಳಗೂ ಪೆನ್ಸಿಲಿನಲ್ಲಿ ಹಾಕಿದ ಒಂದು ಗುರುತು. ಅಲ್ಲಿ ಅವಳ ಗಂಡ ಕರುಪ್ಪುಸಾಮಿಯ ಹೆಬ್ಬೆಟ್ಟು ಬೇಕೆಂದು ದಲ್ಲಾಳಿ ರಾಮ್‌ಕುಮಾರ್ ಹೇಳಿ ಹೋಗಿದ್ದ. ನಾಲ್ಕು ಗಂಟೆಗೆ ಬಂದು ಒಯ್ಯುತ್ತಾನೆ.

"ಗಡಿಯಾರ ಇರ್ಲಿ ಅಣ್ಣಾ. ಪರಿಹಾರದ ಕಾಸು ಕೈಗೆ ಬಂತಾ ಇಲ್ವಾ, ಅದ್ನ ಹೇಳು. ನಿನ್ನ ಮಾತಿನ ಮೇಲೆ ಹೆಬ್ಬೆಟ್ಟು ಒತ್ತಿಸ್ತೀನಿ."

"ಬಂತಾ ಅಂತಾಳೆ ನೋಡು! ಹನ್ನೆರಡು ಲಕ್ಷ! ಕಲೆಕ್ಟರೇ ಬಂದು ಅವ್ರ ಚಿನ್ನದ ಪೆನ್ನು ಕೊಟ್ರು. ನನ್ನ ಕೈಯೆಳುತ್ತು ನೋಡಿ, 'ಮೈಲ್‌ಸಾಮಿ, ಇಂಥ ರುಜು ನಾನು ದಿಲ್ಲೀಲೂ ನೋಡಿಲ್ಲ' ಅಂದ್ರು."

ಸೆಂಗಾಡುಪುದೂರಿನ ಪಟ್ಟಣ ಪಂಚಾಯಿತಿ ಚರಂಡಿಯ ಮೇಲೆ ಹಾಸಿದ ಕಲ್ಲು ಎರಡು ವರ್ಷದ ಹಿಂದೆ, ಜನವರಿಯ ತೈ ಪೂಸ ಹಬ್ಬದ ಹಿಂದಿನ ದಿನ, ಮೈಲ್‌ಸಾಮಿಯ ಕಾಲಡಿ ಮುರಿದಿತ್ತು. ಮಣಿಕಟ್ಟು ಪುಡಿಯಾಯಿತು. ಎರಡೇ ತಿಂಗಳಲ್ಲಿ, ಕೇಸು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ, ಲೋಕ ಅದಾಲತ್ತಿನಲ್ಲಿ ರಾಜಿ. ಓಡಾಡಿ ಮಾಡಿಸಿದವನು ವಕೀಲರ ಆಫೀಸಿಗೂ ಪಂಚಾಯಿತಿಗೂ ನಡುವೆ ಸ್ಕೂಟರಿನಲ್ಲೇ ಬದುಕುವ ರಾಮ್‌ಕುಮಾರ್. ಎಷ್ಟಕ್ಕೆ ರಾಜಿ? ಊರಿಗೆಲ್ಲ ಅದೊಂದೇ ಕುತೂಹಲ. ಕೇಳಿದವರಿಗೆ ಪಂಚಾಯಿತಿ, "ರಾಜಿ ಆಗಿದೆ, ಮುಗಿದಿದೆ" ಎಂದು ಕಿಟಕಿ ಮುಚ್ಚಿತು. ಮೈಲ್‌ಸಾಮಿ ಮೊದಲು ಐದು ಲಕ್ಷ ಎಂದ. ದೀಪಾವಳಿಗೆ ಅದು ಎಂಟಾಯಿತು. ಈಗ ಹನ್ನೆರಡು. ಯಾವ ಬ್ಯಾಂಕಿನಲ್ಲೂ ದುಡ್ಡು ಇಷ್ಟು ಬೇಗ ಬೆಳೆಯುವುದಿಲ್ಲ.

ಇದು ಅವನೊಬ್ಬನ ಚಾಳಿಯೆಂದು ಹೇಳಿದರೆ ಅನ್ಯಾಯವಾದೀತು. ಆ ಬೀದಿಯಲ್ಲಿ ಸೀರೆಗೆ ಸಿಕ್ಕ ಕೂಲಿಯನ್ನು ಯಾರೂ ಇದ್ದ ಹಾಗೆ ಹೇಳುವುದಿಲ್ಲ. ಜವಳಿ ಯಜಮಾನ ಎಂಟುನೂರು ಕೊಟ್ಟರೆ ಪಕ್ಕದ ಮನೆಗೆ ಸಾವಿರ ಎನ್ನಬೇಕು. ಕಡಿಮೆ ಹೇಳಿದರೆ ಕೈ ಕೆಟ್ಟಿತು ಎಂದರ್ಥ. ಪಕ್ಕದ ಮನೆಯವರು ಸಾವಿರದ ಇನ್ನೂರು ಎನ್ನುತ್ತಾರೆ. ಹೀಗೆ ಒಬ್ಬರಿಗಿಂತ ಒಬ್ಬರು ಹೆಚ್ಚು ಹೇಳಿಕೊಂಡು, ನಲವತ್ತು ಮಗ್ಗಗಳೂ ಎಂಟುನೂರಕ್ಕೇ ನೆಯ್ಯುತ್ತಿದ್ದವು.

ಮುರಿದ ಕಲ್ಲನ್ನು ಪಂಚಾಯಿತಿ ಬದಲಾಯಿಸಲಿಲ್ಲ. ಮೂರು ತಿಂಗಳ ಹಿಂದೆ ಅದೇ ಜಾಗದಲ್ಲಿ ಕರುಪ್ಪುಸಾಮಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಅಂದಿನಿಂದ ಹಗ್ಗದ ಮಂಚದ ಮೇಲೇ ಇದ್ದಾನೆ. ಆಪರೇಷನ್ನಿಗೆ ಕೊಯಮತ್ತೂರಿಗೆ ಹೋಗಬೇಕು. "ಮೈಲ್‌ಸಾಮಿಗೆ ಮಾಡಿಸಿದ ಹಾಗೇ ನಿಮಗೂ ಮಾಡಿಸ್ತೀನಿ" ಎಂದಿದ್ದ ರಾಮ್‌ಕುಮಾರ್.

ಬೆಳ್ಳಿಯಮ್ಮ ಏಳಬೇಕೆನ್ನುವಷ್ಟರಲ್ಲಿ ಅವಳ ಮಗಳು ಧರಣಿ ಬಸ್ಸಿಳಿದು ನೇರ ಅಲ್ಲಿಗೇ ಬಂದಳು. ತಿರುಪ್ಪೂರಿನ ಬನಿಯನ್ ಕಂಪನಿಯ ಆಫೀಸಿನಲ್ಲಿ ಕೆಲಸ. ಅರ್ಧ ದಿನ ರಜೆ ಹಾಕಿದ್ದಳು. ಕೈಯಲ್ಲಿ ಕಂದು ಬಣ್ಣದ ಕವರು.

"ಅವ್ವಾ, ಒಂದು ನಿಮಿಷ ತಡೀ. ಆರ್‌ಟಿಐ ಹಾಕಿದ್ನಲ್ಲ, ಉತ್ತರ ಬಂದಿದೆ. ಐದು ವರ್ಷದಿಂದ ಪಂಚಾಯಿತಿ ಯಾರ್ಯಾರಿಗೆ ಕೇಸು, ರಾಜಿ ಅಂತ ಎಷ್ಟೆಷ್ಟು ಕೊಟ್ಟಿದೆ, ಎಲ್ಲಾ ಇದೆ."

ಮೈಲ್‌ಸಾಮಿಯ ರಾಟೆ ಥಟ್ಟನೆ ನಿಂತಿತು.

"ಧರಣೀ, ಅದು ಸರ್ಕಾರದ ರಹಸ್ಯ ಕಣಮ್ಮಾ. ಒಡೆದ್ರೆ ಸೂಲೂರಿಂದ ಯುದ್ಧ ವಿಮಾನ ಹೊರಡುತ್ತೆ."

"ಬರ್ಲಿ ಮಾಮಾ, ಟೀ ಕೊಟ್ಟು ಕಳಿಸೋಣ."

ಸುದ್ದಿ ಹಬ್ಬಿ ಹತ್ತು ಸಾವಿರ ಜನ ಸೇರಿದರು. ಕಿಟಕಿಯಲ್ಲಿ ನಿಂತವರನ್ನೂ ಸೇರಿಸಿ ಎಣಿಸಿದರೆ ಹದಿನಾಲ್ಕು. ಧರಣಿ ತಮಿಳಿನಲ್ಲಿದ್ದುದನ್ನು ಓದಿ, ಬೀದಿಯ ಮನೆಮಾತಾದ ಕನ್ನಡದಲ್ಲಿ ಹೇಳತೊಡಗಿದಳು. ಗೋಡೆ ಕೆಡವಿದ್ದಕ್ಕೆ ಒಬ್ಬರಿಗೆ ಇಷ್ಟು, ನೀರಿನ ಟ್ಯಾಂಕಿನ ಜಾಗಕ್ಕೆ ಇನ್ನೊಬ್ಬರಿಗೆ ಅಷ್ಟು. ಪ್ರತಿ ಹೆಸರಿಗೂ ಕಿಟಕಿಯಿಂದ "ಅಪ್ಪಡಿಯಾ!" ಎಂಬ ಉದ್ಗಾರ. ಮೈಲ್‌ಸಾಮಿ ರಾಟೆಯ ಹಿಂದೆ ಆದಷ್ಟು ಚಿಕ್ಕದಾಗಿ ಕೂತ.

"ಐದನೇದು. ಮೈಲ್‌ಸಾಮಿ. ಚರಂಡಿ ಅಪಘಾತ. ನಾಲ್ಕು ಲಕ್ಷದ ಎಂಬತ್ತು ಸಾವಿರ."

ಪಕ್ಕದ ಮನೆಯ ಈಶ್ವರಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಣ್ಣಾ! ಹನ್ನೆರಡಲ್ದಿದ್ರೂ ನಿಜವಾಗ್ಲೂ ಲಕ್ಷಲಕ್ಷ ಕೊಟ್ಟವ್ರೆ! ನಾವೆಲ್ಲ ನೀನು ಬುರುಡೆ ಬಿಡ್ತೀಯ ಅಂದ್ಕೊಂಡಿದ್ವಿ."

ಮೈಲ್‌ಸಾಮಿಯ ಬೆನ್ನು ತಾನಾಗಿ ನೆಟ್ಟಗಾಯಿತು. ಐವತ್ತೆಂಟು ವರ್ಷದಲ್ಲಿ ಅವನ ಮಾತಿಗೆ ಸರ್ಕಾರದ ಮುದ್ರೆ ಬಿದ್ದದ್ದು ಇದೇ ಮೊದಲು. ಎಲ್ಲರ ಕಣ್ಣಲ್ಲೂ ಹೊಸದೊಂದು ಮರ್ಯಾದೆ. ಅವನ ಕೈಗೆ ನಿಜಕ್ಕೂ ಬಂದದ್ದೆಷ್ಟು ಎಂದು ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ. ಒಬ್ಬ ತಾನು. ಇನ್ನೊಬ್ಬಳು ಪೆಡಲು ತುಳಿಯುವುದನ್ನು ನಿಲ್ಲಿಸಿ, ಲಾಳಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು.

ಬೆಳ್ಳಿಯಮ್ಮ ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. "ಸಾಕು ಧರಣೀ. ರಾಮ್‌ಕುಮಾರ್ ಒಳ್ಳೇವ್ನೇ. ನಿಮ್ಮಪ್ಪನ ಹೆಬ್ಬೆಟ್ಟು ಒತ್ತಿಸಿ ಬರ್ತೀನಿ."

ಸುಮ್ಮನಿದ್ದರೆ ಆ ಮರ್ಯಾದೆ ಉಳಿಯುತ್ತಿತ್ತು. ಮೈಲ್‌ಸಾಮಿ ಸುಮ್ಮನಿದ್ದ; ಅವನ ಜೀವಮಾನದಲ್ಲಿ ಅದೂ ಮೊದಲನೆಯ ಸಲವೇ. ಧರಣಿ ಮಾತ್ರ ಹಾಳೆ ತಿರುಗಿಸಿದಳು.

"ಮಾಮಾ, ದುಡ್ಡು ತಗೊಂಡ ರಸೀದಿ ನಕಲು ಕೊಟ್ಟವ್ರೆ. ಈ ಕೈಯೆಳುತ್ತು ನಿಂದಾ?"

ಎಂಥ ರುಜು! ಮದುವೆ ಪತ್ರಿಕೆಯ ಅಕ್ಷರದಂತೆ ದುಂಡುದುಂಡಾಗಿ, ಕೊನೆಯಲ್ಲಿ ಒಂದು ಬಾಲ. ನಾಲಿಗೆ ಹಳೇ ದಾರಿಯಲ್ಲೇ ಓಡಿತು. "ಇನ್ಯಾರ್ದು? ಕಲೆಕ್ಟರು ಮೆಚ್ಚಿದ್ದು ಇದನ್ನೇ."

"ತಾರೀಕು ಮಾರ್ಚ್ ಆರು ಅಂತಿದೆ. ನೀ ಬಿದ್ದು ಎರಡು ತಿಂಗಳೂ ಆಗಿರ್ಲಿಲ್ಲ." ಧರಣಿ ತಲೆಯೆತ್ತಿದಳು. "ಆವಾಗ ನಿನ್ನ ಬಲಗೈ..."

"ಬೆರಳಿಂದ ಮೊಣಕೈ ತನಕ ಪ್ಲಾಸ್ಟರಿನ ಮಾವುಕಟ್ಟು," ಮಗ್ಗದ ಗುಂಡಿಯಿಂದ ಪಾಪಾತಿಯ ದನಿ ಬಂತು. "ಏಪ್ರಿಲ್‌ನಲ್ಲಿ, ಚಿತ್ತಿರೆ ತಿಂಗಳು ಹುಟ್ಟಿದ ಮೇಲೆ ಬಿಚ್ಚಿದ್ದು. ಅಲ್ಲಿ ತನಕ ನಾನೇ ಅನ್ನ ಕಲಸಿ ಬಾಯಿಗಿಟ್ಟಿದ್ದೀನಿ. ಪೆನ್ನು ಹೆಂಗೆ ಹಿಡಿದ್ರು, ಕೇಳು."

ಹದಿನಾಲ್ಕು ಜನ ಅವನ ಬಲಗೈ ನೋಡಿದರು. ಮೈಲ್‌ಸಾಮಿಯೂ ನೋಡಿದ, ಅದು ಬೇರೆಯವರದ್ದೇನೋ ಎಂಬಂತೆ. ಹೊಸ್ತಿಲ ಆಚೆ ಹೋಗಿದ್ದ ಬೆಳ್ಳಿಯಮ್ಮ ಅಲ್ಲೇ ನಿಂತಳು.

"ಅಣ್ಣಾ, ಯಾರ ಕೈಯೆಳುತ್ತು ಅದು?"

"ಗೊತ್ತಿಲ್ಲಮ್ಮಾ."

"ನೀನು ಹಾಕ್ಲಿಲ್ವಾ?"

"ಎಡಗೈ ಹೆಬ್ಬೆಟ್ಟು ಒತ್ತಿದೆ. ಖಾಲಿ ಹಾಳೆ ಮೇಲೆ. ಬ್ಯಾಂಕ್ ಪುಸ್ತಕ ಮಾಡಿಸ್ತೀನಿ ಅಂದ ರಾಮ್‌ಕುಮಾರ್. ಪುಸ್ತಕ ನಾನು ಕಣ್ಣಲ್ಲೂ ನೋಡಿಲ್ಲ."

"ಕಾಸು?"

ರಾಟೆಯ ಮೇಲಿನ ನೂಲನ್ನು ಅವನು ಬೆರಳಿಗೆ ಸುತ್ತಿ ಬಿಚ್ಚಿದ, ಮತ್ತೆ ಸುತ್ತಿದ. "ನಲವತ್ತು ಸಾವಿರ. ಸ್ವೀಟ್ ಅಂಗಡಿ ಚೀಲದಲ್ಲಿ ತಂದುಕೊಟ್ಟ. ಒಂದು ಕೈಗೆ ಇಷ್ಟೇನಾ ಅಂತ ನಾಚಿಕೆ ಆಯ್ತು. ಹೇಳಕ್ಕೆ ಬಾಯಿ ಬರ್ಲಿಲ್ಲ."

"ಕಲೆಕ್ಟರು?" ಕಿಟಕಿಯಿಂದ ಯಾರೋ ಕೇಳಿದರು.

"ನೋಡೇ ಇಲ್ಲ."

"ಹನ್ನೆರಡು ಅಡಿ ಆಳದ ಚರಂಡಿ?"

"ಮೊಣಕಾಲು ಮಟ್ಟ."

ಯಾರೂ ನಗಲಿಲ್ಲ. ಈಶ್ವರಿ, ಯಾರನ್ನೂ ನೋಡದೆ, ಮೆಲ್ಲಗೆ ಹೇಳಿದಳು: "ನಮ್ಮ ಜವಳಿ ಯಜಮಾನ್ರು ಸೀರೆಗೆ ಕೊಡೋದೂ ಎಂಟ್ನೂರೇ."

ಬೆಳ್ಳಿಯಮ್ಮ ಒಳಗೆ ಬಂದು ಐದು ಹಾಳೆಗಳನ್ನೂ ಮಗಳ ಕೈಗಿಟ್ಟಳು. ಧರಣಿ ಮೇಲಿನ ಹಾಳೆಯ ಮೇಲೆ ಮೈಲ್‌ಸಾಮಿಯ ದೂರನ್ನು ಬರೆಯತೊಡಗಿದಳು: ಯಾವ ದಿನ, ಯಾರು ತಂದುಕೊಟ್ಟರು, ಎಷ್ಟು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. ಒಂದು ಕಡೆ ಮೈಲ್‌ಸಾಮಿ ತಡೆದ.

"ನಲವತ್ತಲ್ಲ ಕಣಮ್ಮಾ. ಅದ್ರಲ್ಲೂ ಎರಡು ಸಾವಿರ ಪೆಟ್ರೋಲಿಗೆ ಅಂತ ಇಸ್ಕೊಂಡ. ಮೂವತ್ತೆಂಟು ಬರಿ."

ಬರೆದು ಮುಗಿಸಿ ಅವಳು ಮಸಿ ಡಬ್ಬಿ ತೆರೆದು ಮುಂದಿಟ್ಟಳು. ಕರುಪ್ಪುಸಾಮಿಗಾಗಿ ರಾಮ್‌ಕುಮಾರನೇ ಹಾಕಿದ್ದ ಪೆನ್ಸಿಲಿನ ಗುರುತು ಕೆಳಗೆ ಇತ್ತು. ಮೈಲ್‌ಸಾಮಿ ಎಡಗೈ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಸರಿಯಾಗಿ ಅದರ ಮೇಲೇ ಒತ್ತಿದ.

ಹೊರಗೆ ಸ್ಕೂಟರೊಂದು ಬಂದು ನಿಂತ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ. ಹದಿನಾಲ್ಕೂ ಜನ ಬಗ್ಗಿ, ಮಸಿ ಒಣಗುವುದನ್ನು ನೋಡುತ್ತಿದ್ದರು.