ಬೇಡ ಎನ್ನುವ ಮೊಲ

ನಾನು ಉಣ್ಣೆಯ ಮೊಲ. ಬರೀ ಮುದ್ದು ಮಾಡಲು ಬಂದವರು ಪಕ್ಕದ ಗೂಡಿಗೆ ಹೋಗಬಹುದು.

ಹುಟ್ಟಿದ್ದು ಮಡಿಕೇರಿಯ ಹೊರಗೆ, ಕುಶಾಲಪ್ಪನವರ ಮೊಲದ ಶೆಡ್ಡಿನಲ್ಲಿ. ಅಲ್ಲಿನ ಚಳಿಗೆ ಅಮ್ಮ ತನ್ನ ಹೊಟ್ಟೆಯ ಉಣ್ಣೆಯನ್ನೇ ಕಿತ್ತು ನಮಗೆ ಹಾಸಿಗೆ ಮಾಡಿದ್ದಳು. ಒಡಹುಟ್ಟಿದವರೆಲ್ಲ ಹತ್ತಿಯ ಉಂಡೆಯ ಹಾಗೆ ಬೆಳ್ಳಗಿದ್ದರು, ನಾನೊಬ್ಬಳು ಬೂದಿ ಬಣ್ಣ. ಬಣ್ಣಕ್ಕಿಂತ ನನ್ನ ಸ್ವಭಾವವೇ ಕುಶಾಲಪ್ಪನವರಿಗೆ ತಲೆನೋವು. ಕಿವಿ ಹಿಡಿದು ಎತ್ತಿದರೆ ಕಚ್ಚುತ್ತಿದ್ದೆ. ಬಾಚಣಿಗೆ ಎಳೆದರೆ ಹಿಂಗಾಲಿನಿಂದ ಹಲಗೆಗೆ ದಬದಬ ಬಡಿಯುತ್ತಿದ್ದೆ. ನಮ್ಮಲ್ಲಿ ಹಾಗೆ ಬಡಿದರೆ ಎಚ್ಚರಿಕೆ ಎಂದರ್ಥ. ಅವರು ಅದನ್ನು ಪೊಗರು ಎಂದರು.

ಕೊಳ್ಳುವವರು ಬಂದು ಬಿಳಿಯ ಮರಿಗಳನ್ನೇ ಆರಿಸಿಕೊಂಡು ಹೋದರು, ನನ್ನ ಜೊತೆ ಒಬ್ಬ ಬಿಳಿ ತಂಗಿ ಮಾತ್ರ ಉಳಿದಳು. "ಇದನ್ನ ಯಾರೂ ತಗೊಳ್ಳಲ್ಲ, ಹಬ್ಬದ ಹೊತ್ತಿಗೆ ಸಾರಿಗಾಗುತ್ತೆ" ಎಂದು ಕುಶಾಲಪ್ಪ ಹೆಂಡತಿಗೆ ಹೇಳಿದ್ದು ಕೇಳಿಸಿತು. ಇಷ್ಟುದ್ದ ಕಿವಿ ಇಟ್ಟುಕೊಂಡು ಕೇಳಿಸದೆ ಇರುತ್ತದೆಯೇ? ಹೆದರಿಕೆಯಾಯಿತು. ಆದರೂ ಮರುದಿನ ಅವರು ಕಿವಿಗೆ ಕೈ ಹಾಕಿದಾಗ ಮತ್ತೆ ಕಚ್ಚಿದೆ. ಸಾರಾಗುವುದೇ ಆದರೆ ಕಚ್ಚಿಯೇ ಸಾರಾಗುತ್ತೇನೆ ಎಂದುಕೊಂಡೆ.

ಆ ವಾರವೇ ದಮಯಂತಿ ಬಂದರು. ಪೇಟೆಯಲ್ಲಿ ಸ್ವೆಟರ್ ಹೆಣೆದು ಮಾರುವ ಹೆಂಗಸು. ತಾನೇ ಸಾಕಿದ ಮೊಲದ ಉಣ್ಣೆಯಲ್ಲಿ ಹೆಣೆಯಬೇಕೆಂಬ ಆಸೆ, ಸಾಕಿ ಮಾತ್ರ ಅಭ್ಯಾಸವಿಲ್ಲ. ಎಲ್ಲ ಹೊಸಬರ ಹಾಗೆ ಅವರೂ ಉಳಿದಿದ್ದ ಬಿಳಿ ತಂಗಿಯನ್ನು, ಆ ಸಾಧುಪ್ರಾಣಿಯನ್ನು, ಎದೆಗವಚಿಕೊಂಡು ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಬೆನ್ನು ಮಾಡಿ ಕೂತೆ.

ಹಬ್ಬ ಹತ್ತಿರವಾಗುತ್ತಿದ್ದಾಗ ದಮಯಂತಿ ಮತ್ತೆ ಬಂದರು. ಬುಟ್ಟಿಯಲ್ಲಿ ತಂಗಿ. ಅವಳ ಉಣ್ಣೆ ಹಳೆಯ ಕಂಬಳಿಯಂತೆ ಗಂಟುಗಟ್ಟಿ ಮೈಗೆ ಅಂಟಿತ್ತು.

"ಏನ್ ಮಾಡಿದ್ರಿ ಅಕ್ಕಾ?" ಎಂದರು ಕುಶಾಲಪ್ಪ.

"ಕೊಳೆಯಾಗಿತ್ತು ಅಂತ ಸ್ವೆಟರ್ ಒಗೆಯೋ ಹಾಗೇ ಉಗುರುಬೆಚ್ಚಗಿನ ನೀರಲ್ಲಿ ಸೋಪು ಹಾಕಿ ಒಗೆದೆ. ಟವೆಲಲ್ಲಿ ಸುತ್ತಿ ಮೆತ್ತಗೆ ಒತ್ತಿದೆ ಕೂಡ."

ವರ್ಷಗಟ್ಟಲೆ ಉಣ್ಣೆ ಒಗೆದ ಕೈ ಮೊಲವನ್ನೂ ಒಗೆದುಬಿಟ್ಟಿತ್ತು!

"ಅದು ಒದೀಲಿಲ್ಲ, ಕಚ್ಚಲಿಲ್ಲ. ಪಾಪ, ಸುಮ್ನೆ ಕೂತಿತ್ತು. ನಾನು ಸರಿಯಾಗೇ ಮಾಡ್ತಿದ್ದೀನಿ ಅಂದ್ಕೊಂಡೆ" ಎನ್ನುತ್ತ ದಮಯಂತಿ ಕಣ್ಣೊರೆಸಿಕೊಂಡರು.

ಕುಶಾಲಪ್ಪ ತಂಗಿಯ ಉಣ್ಣೆಯನ್ನು ಬುಡದವರೆಗೆ ಕತ್ತರಿಸತೊಡಗಿದರು. ಅವಳು ನಡುಗುವುದು ಕಂಡು ನನಗೆ ತಡೆಯಲಾಗಲಿಲ್ಲ. ಶೆಡ್ಡು ಅದುರುವ ಹಾಗೆ ಹಲಗೆಗೆ ಬಡಿದೆ.

"ಅದ್ಯಾಕೆ ಹಾಗೆ ಬಡೀತಿದೆ?" ದಮಯಂತಿ ತಿರುಗಿದರು.

"ಅದರ ಸುದ್ದಿಗೆ ಹೋಗ್ಬೇಡಿ. ಏನ್ ಮಾಡಿದ್ರೂ ಬೇಡ ಅನ್ನೋ ಜಾತಿ. ಸಾರಿಗೆ ಇಟ್ಟಿರೋದು."

"ಬೇಡ ಅನ್ನೋದೇ ನನಗೆ ಬೇಕು ಕುಶಾಲಪ್ಪ. ನಾನು ತಪ್ಪು ಮಾಡಿದ್ರೆ ಇದಾದ್ರೂ ಹೇಳುತ್ತೆ. ಕೊಡಿ."

ಅದೇ ಬುಟ್ಟಿಯಲ್ಲಿ ತಂಗಿಯ ಜೊತೆ ಪೇಟೆಗೆ ಬಂದೆ.

ಹೇಳಿದೆ, ಚೆನ್ನಾಗಿಯೇ ಹೇಳಿದೆ. ಬುಡಕ್ಕೆ ಬಾಚಣಿಗೆ ಹಾಕಿ ಎಳೆದಾಗ ಬಡಿದೆ, ದಮಯಂತಿ ತುದಿಯಿಂದ ಗಂಟು ಬಿಡಿಸಲು ಕಲಿತರು. ಎತ್ತುವ ರೀತಿ ಹಿಡಿಸದಾಗ ಕಚ್ಚಿದೆ, ಮೈಯಡಿಗೆ ಕೈ ಕೊಟ್ಟು ಎತ್ತಲು ಕಲಿತರು. ನೀರಿನ ಬಕೆಟ್ಟಿನ ಹತ್ತಿರವಂತೂ ಮತ್ತೆ ನಮ್ಮನ್ನು ಒಯ್ಯಲಿಲ್ಲ. ತಂಗಿಗೂ ಹೊಸ ಉಣ್ಣೆ ಬಂತು. ನನ್ನ ಬೂದಿ ಉಣ್ಣೆಯ ಟೋಪಿ ಹಾಕಿಕೊಂಡು ದಮಯಂತಿ ಗೂಡಿನ ಮುಂದೆ ನಿಂತ ದಿನ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಈಗ ಮುದಿಯಾಗಿದ್ದೇನೆ. ನನ್ನ ಸಂತಾನವನ್ನು ಕೊಳ್ಳಲು ಹೊಸಬರು ಬರುತ್ತಾರೆ. ಬಂದವರ ತೊಡೆಯ ಮೇಲೆ ಮೊದಲು ನನ್ನನ್ನು ಕೂರಿಸಿ, ಕೈಗೆ ಬಾಚಣಿಗೆ ಕೊಡುವುದು ದಮಯಂತಿಯ ಪದ್ಧತಿ. ಮೊನ್ನೆ ಇಸ್ತ್ರಿ ಪ್ಯಾಂಟಿನವನೊಬ್ಬ ಬಂದಿದ್ದ.

"ಈ ಮುದಿ ಮೊಲ ಯಾಕೆ ಮೇಡಂ? ಆ ಬಿಳಿ ಮರಿ ಕೊಡಿ" ಎನ್ನುತ್ತ ಗಂಟಿಗೆ ಬಾಚಣಿಗೆ ಸಿಕ್ಕಿಸಿ ಜಗ್ಗಿದ. ಹಿಂಗಾಲಿನಿಂದ ಅವನ ತೊಡೆಗೆ ಒದ್ದೆ. ನಕ್ಕು ಮತ್ತೂ ಜಗ್ಗಿದ. ಆಗ ಆ ಇಸ್ತ್ರಿಯ ಮೇಲೆ ಸಾವಕಾಶವಾಗಿ ಉಚ್ಚೆ ಹೊಯ್ದೆ.

"ಥೂ!" ಎಂದು ಎದ್ದು ನಿಂತ.

"ನಿಮಗೆ ಮರಿ ಕೊಡಲ್ಲ. ಹೊರಡಿ" ಎಂದರು ದಮಯಂತಿ, ನನ್ನನ್ನು ಎತ್ತಿಕೊಳ್ಳುತ್ತ.

ಅವನು ಗೊಣಗುತ್ತ ಬರಿಗೈಯಲ್ಲಿ ಹೋದ. ನನ್ನ ಮೈಯಲ್ಲಿ ಈಗ ಒಂದು ಕೈಗವಸಿಗಾಗುವಷ್ಟೂ ಉಣ್ಣೆಯಿಲ್ಲ. ಇಲ್ಲದಿದ್ದರೆ ಇಲ್ಲ. ನನ್ನ ಮರಿಗಳು ಯಾರ ಕೈಗೆ ಹೋಗಬೇಕೆಂದು ಹೇಳುವವಳು ಈಗಲೂ ನಾನೇ.