ಅಂಗಿ ಬೀಳುವ ಮುಂಚೆ

ಇಸ್ತ್ರಿ ಅಂಗಡಿಯ ಇಬ್ಬರು ಓರಗಿತ್ತಿಯರಲ್ಲಿ ದೊಡ್ಡವಳಿಗೆ ಓದುವ ಹುಚ್ಚು ಹಿಡಿದದ್ದು ತಲೆ ನರೆತ ಮೇಲೆ. ಸಂಜೆ ಶಾಲೆಗೆ ಸೇರಿದಳು. ಅಲ್ಲಿ ಮೇಷ್ಟ್ರು ಹಲಗೆಯ ಮೇಲೆ ಒಂದೊಂದೇ ಅಕ್ಷರ ಬರೆದು, ತಟ್ಟನೆ ಒರೆಸಿ, "ಯಾವುದಿತ್ತು?" ಎನ್ನುತ್ತಿದ್ದರು. ಉಳಿದವರು ಪಟಪಟನೆ ಹೇಳುವಾಗ ಇವಳ ಬಾಯಿಗೆ ಬೀಗ.

ಅಂಗಡಿಯಲ್ಲಿ ಚಿಕ್ಕವಳ ಕಾಟ ಬೇರೆ. ಗಿರಾಕಿಗಳು ಬಟ್ಟೆ ಗಂಟಿಗೆಲ್ಲ 'ಗಂಜಿ ಬೇಡ', 'ಬಿಸಿ ಕಮ್ಮಿ' ಎಂದು ಬರೆದ ಚೀಟಿ ಸಿಕ್ಕಿಸಿರುತ್ತಿದ್ದರು. ಚಿಕ್ಕವಳು ಅದನ್ನು ಮೇಜಿನ ಮೇಲಿಟ್ಟು, ದೊಡ್ಡವಳು ಕಣ್ಣು ಹಾಯಿಸುವಷ್ಟರಲ್ಲಿ ಮೇಲೊಂದು ಅಂಗಿ ಎಸೆಯುವಳು.

"ಏನಿತ್ತು ಹೇಳಕ್ಕಾ."

"ಮುಚ್ಚಿಟ್ಟು ಕೇಳ್ತೀಯಲ್ಲ, ನನ್ನ ಕಣ್ಣೇನು ಸೂಜಿನಾ, ಬಟ್ಟೆ ತೂರಿಕೊಂಡು ಹೋಗೋಕೆ?"

"ಬಟ್ಟೆ ಸುಟ್ಟ ಮೇಲೆ ನಿಧಾನವಾಗಿ ಓದೋಣ ಅಂತಿದ್ದೀಯಾ?"

ಕೊನೆಗೆ ದೊಡ್ಡವಳು ಸೋತಳು. ಈ ವಾರ ಮುಗಿದರೆ ಶಾಲೆಗೆ ಶರಣು ಹೊಡೆಯುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು. ಅದೇ ವಾರ, ಬಿಳಿ ಕೋಟುಗಳನ್ನು ಇಸ್ತ್ರಿಗೆ ತರುವ ಹುಡುಗಿ, "ನಾವು ಕಾಲೇಜಲ್ಲಿ ಕಣ್ಣಿನ ಪರೀಕ್ಷೆ ಒಂದು ಮಾಡ್ತಿದ್ದೀವಿ ಅಮ್ಮ, ತಡವಾಗಿ ಓದು ಕಲಿತವರು ಬೇಕು" ಎಂದು ಕರೆದಳು. ಬೇಡವೆನ್ನಲು ಬಾಯಿ ಬರಲಿಲ್ಲ, ಹೋದಳು.

ಕೋಣೆಯಲ್ಲಿ ಒಂದು ಕಂಪ್ಯೂಟರ್ ಪರದೆ. ಅದರಲ್ಲಿ ಅಕ್ಷರವೊಂದು ಮಿಂಚಿ ಮಾಯವಾಯಿತು. ಅದಿದ್ದ ಜಾಗದಲ್ಲೇ ಅಡ್ಡಾದಿಡ್ಡಿ ಗೀಟುಗಳು ಮೂಡಿದವು. ದೊಡ್ಡವಳು ಎದ್ದು ಕರವಸ್ತ್ರದಿಂದ ಗಾಜನ್ನು ಉಜ್ಜತೊಡಗಿದಳು.

"ಏನ್ಮಾಡ್ತಿದ್ದೀರಿ ಅಮ್ಮ?"

"ಕಲೆ ಆಗಿದೆ ತಾಯಿ. ಒದ್ದೆ ಬಟ್ಟೆ ಇದ್ರೆ ಕೊಡು, ಹೋಗುತ್ತೆ."

ಹುಡುಗಿ ನಗು ತಡೆದುಕೊಂಡಳು. "ಅದು ನಾವೇ ಹಾಕಿದ್ದು. ಅಕ್ಷರ ಕಣ್ಣಲ್ಲಿ ಊರೋ ಮುಂಚೆ ಗೀಟು ಬಂದು ಅದನ್ನ ಅಳಿಸಿಬಿಡುತ್ತೆ. ಎಲ್ಲರಿಗೂ ಹಾಗೇ. ಕಾಣಿಸದಿದ್ರೂ ಮನಸ್ಸಿಗೆ ತೋಚಿದ್ದು ಹೇಳಿ."

'ಮ' ಇತ್ತೋ 'ಸ' ಇತ್ತೋ ಎಂದು ಹುಡುಗಿ ಕೇಳಿದಳು. ದೊಡ್ಡವಳು ತೋಚಿದ್ದು ಹೇಳುತ್ತ ಹೋದಳು. ಆಮೇಲೆ ಪದಗಳು ಬಂದವು. 'ಮರ' ಎಂಬುದು ಮಿಂಚಿತು, ಅದರ ಮೇಲೂ ಗೀಟು. ಮೊದಲನೆಯದು 'ಮ'ನೋ 'ಸ'ನೋ? ಹೀಗೇ ಬಹಳ ಹೊತ್ತು ನಡೆಯಿತು.

"ಈ ಮುದುಕಿಗೆ ಓದು ಹತ್ತಲ್ಲ ಅಂತ ಬರ್ಕೊಳಮ್ಮ," ಎಂದು ದೊಡ್ಡವಳು ಚಪ್ಪಲಿ ಹುಡುಕತೊಡಗಿದಳು. "ನಾನೂ ಶಾಲೆ ಬಿಡ್ತಿದ್ದೀನಿ."

"ಬಿಡಬೇಡಿ. ಒಂಟಿ ಅಕ್ಷರಗಳು ಸುಮಾರು ತಪ್ಪಿವೆ, ನಿಜ. ಅದೇ ಅಕ್ಷರ ಪದದೊಳಗೆ ಬಂದಾಗ ಹೆಚ್ಚೂಕಮ್ಮಿ ಎಲ್ಲಾ ಸರಿ. ತೋರಿಸಿದ್ದು ಅಷ್ಟೇ ಹೊತ್ತು, ಮುಚ್ಚಿದ್ದು ಅದೇ ಗೀಟು."

"ಅದೆಲ್ಲ ಅಂದಾಜು."

"ಬರೀ 'ರ' ನೋಡಿ ಊಹಿಸಿದ್ರಿ ಅನ್ನೋಣ ಅಂದ್ರೆ ಮರವೂ ಪದ, ಸರವೂ ಪದ. ಅಂದಾಜಿಗೆ ಜಾಗ ಎಲ್ಲಿದೆ ಅಮ್ಮ? ಓದಿ ಪಳಗಿದ ಕಣ್ಣು ಮಾತ್ರ ಪದವನ್ನ ಹೀಗೆ ಇಡಿಯಾಗಿ ಹಿಡಿಯುತ್ತೆ. ನಿಮ್ಮನ್ನ ಯಾರು ಪಳಗಿಸಿದ್ದು?"

ದೊಡ್ಡವಳು ಚಪ್ಪಲಿ ಹುಡುಕುವುದನ್ನು ನಿಲ್ಲಿಸಿದಳು. ಅವಳ ಕಣ್ಣ ಮುಂದೆ ಚೀಟಿಯ ಮೇಲೆ ಅಂಗಿ ಬಿತ್ತು, ಮತ್ತೊಂದು ಬಿತ್ತು.

ಅಂಗಡಿಗೆ ಮರಳಿದಾಗ ಚಿಕ್ಕವಳು ಇಸ್ತ್ರಿ ತಿಕ್ಕುತ್ತಲೇ ಕೇಳಿದಳು: "ಏನಂತೆ? ಹೊಸ ಕಣ್ಣು ಹಾಕ್ತಾರಂತಾ?"

ದೊಡ್ಡವಳು ನಡೆದದ್ದನ್ನೆಲ್ಲ ಹೇಳಿದಳು. ಚಿಕ್ಕವಳ ಕೈ ನಿಂತಿತು. "ತೆರೆದಿಟ್ರೆ ನೀನು ಬೆರಳಿಟ್ಕೊಂಡು ಒಂದೊಂದೇ ಅಕ್ಷರ ಹೆಕ್ಕುತ್ತಾ ಕೂರ್ತಿದ್ದೆ ಅಕ್ಕ. ಅದಕ್ಕೇ ಮುಚ್ತಿದ್ದೆ. ಬೈಯ್ಕೋತೀಯ ಅಂತ ಗೊತ್ತಿತ್ತು."

"ಬೈಯ್ಕೊಂಡಿದ್ದೀನಿ, ಹೊಟ್ಟೆ ತುಂಬಾ," ಎಂದಳು ದೊಡ್ಡವಳು. "ಈ ಕಣ್ಣು ನೀನು ಕೊಟ್ಟಿದ್ದು ಕಣೇ. ಸರಿ, ಈಗ ಕೂತ್ಕೋ. ಇವತ್ತಿನ ಗಂಟೆಲ್ಲಾ ನಂದು. ಸಂಜೆ ಶಾಲೆಗೆ ಹೊತ್ತಾಗೋದ್ರೊಳಗೆ ಮುಗಿಸ್ತೀನಿ. ಒಂದು ಚೀಟಿ ಇಡು ನೋಡೋಣ."

ಚಿಕ್ಕವಳು ಮೂಗೊರೆಸಿಕೊಂಡು ಚೀಟಿ ಇಟ್ಟಳು. ಎಂದಿನಂತೆ, ಒಂದು ಚೂರೂ ಕರುಣೆಯಿಲ್ಲದೆ ಅಂಗಿ ಎಸೆದಳು.

"ಕಾಲರ್ ಗಟ್ಟಿ," ಎಂದಳು ದೊಡ್ಡವಳು.

ಅಂಗಿ ಎತ್ತಿ ನೋಡಲು ಹೋಗಲಿಲ್ಲ. ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.